ಮೊದಲ ಸಾಕ್ಷಿಯ ಮಾತು

ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಕಥೋಲಿಕ ದೇವಾಲಯಗಳಲ್ಲಿ ದೀಪಗಳನ್ನೆಲ್ಲ ಆರಿಸಿ, ಹೊರಗೆ ಹೊಸ ಬೆಂಕಿಯನ್ನು ಹೊತ್ತಿಸುತ್ತಾರೆ. ಆ ಬೆಂಕಿಯಿಂದ ಪಾಸ್ಖದ ದೊಡ್ಡ ಮೇಣದ ಬತ್ತಿಯನ್ನೂ ಅದರಿಂದ ಭಕ್ತರ ಕೈಯಲ್ಲಿರುವ ಚಿಕ್ಕ ಬತ್ತಿಗಳನ್ನೂ ಬೆಳಗಿಸುತ್ತಾರೆ. ಪುನರುತ್ಥಾನದ ವಾರ್ತೆಯೂ ಹೀಗೆಯೇ ಒಬ್ಬರಿಂದ ಒಬ್ಬರಿಗೆ ದಾಟಿ ಬಂದುದು. ಅದನ್ನು ಮೊದಲು ಹೇಳಿದವರು ಯಾರು? ವಕೀಲನಾದ ನನ್ನನ್ನು ಪ್ರತಿವರ್ಷವೂ ತಡೆದು ನಿಲ್ಲಿಸುವ ಪ್ರಶ್ನೆಯಿದು.

ನಾಲ್ಕು ಸುವಾರ್ತೆಗಳು ವಿವರಗಳಲ್ಲಿ ಪರಸ್ಪರ ಭಿನ್ನವಾಗಿವೆ. ಸಮಾಧಿಗೆ ಹೋದ ಸ್ತ್ರೀಯರ ಹೆಸರುಗಳಾಗಲಿ, ಅಲ್ಲಿ ಕಂಡ ದೇವದೂತರ ಸಂಖ್ಯೆಯಾಗಲಿ ಒಂದೇ ಆಗಿಲ್ಲ. ಆದರೆ ಬರಿದಾದ ಸಮಾಧಿಯನ್ನು ಮೊದಲು ಕಂಡವರಲ್ಲಿ ಮಗ್ದಲದ ಮರಿಯಳು ಇದ್ದಳೆಂಬುದರಲ್ಲಿ ನಾಲ್ಕಕ್ಕೂ ಒಮ್ಮತವಿದೆ.

ಪ್ರಾಚೀನ ಪ್ರಪಂಚದಲ್ಲಿ ಸ್ತ್ರೀಯರ ಸಾಕ್ಷ್ಯಕ್ಕೆ ಬೆಲೆ ಕಡಿಮೆ. ಅದನ್ನು ಅಂಗೀಕರಿಸಕೂಡದೆಂದು ಒಂದನೆಯ ಶತಮಾನದ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಆ ಸ್ತ್ರೀಯರ ಮಾತನ್ನು ಶಿಷ್ಯರೇ ಹುರುಳಿಲ್ಲದ ಹರಟೆಯೆಂದು ತಳ್ಳಿಹಾಕಿದರೆಂದು ಲೂಕನು ಮುಚ್ಚುಮರೆಯಿಲ್ಲದೆ ತಿಳಿಸುತ್ತಾನೆ. ಜನರನ್ನು ನಂಬಿಸಲೆಂದೇ ಕಥೆ ಕಟ್ಟುವವನು ಇಂಥ ಸಾಕ್ಷಿಯನ್ನು ಮುಂದಿಡುತ್ತಿರಲಿಲ್ಲ. ಇಷ್ಟರಿಂದಲೇ ಪುನರುತ್ಥಾನವು ರುಜುವಾತಾಯಿತೆಂದು ನಾನು ವಾದಿಸಲಾರೆ. ವಿಶ್ವಾಸವು ನ್ಯಾಯಾಲಯದ ತೀರ್ಪಲ್ಲ. ಆದರೆ ಲೋಕವು ಯಾರ ಮಾತನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲವೋ ಅವರ ಬಾಯಿಗೇ ದೇವರು ಈ ವಾರ್ತೆಯನ್ನು ಒಪ್ಪಿಸಿದನೆಂಬುದು ನನಗೆ ಈಸ್ಟರಿನ ತಿರುಳಾಗಿ ಕಾಣುತ್ತದೆ.

ಇಲ್ಲೊಂದು ತಪ್ಪೊಪ್ಪಿಗೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಜಮೀನಿನ ಮೊಕದ್ದಮೆಯೊಂದರಲ್ಲಿ ಅಕ್ಷರ ಬಾರದ ಹೆಂಗಸೊಬ್ಬಳು ಎದುರು ಪಕ್ಷದ ಸಾಕ್ಷಿಯಾಗಿ ಬಂದಿದ್ದಳು. ಪಾಟೀಸವಾಲಿನಲ್ಲಿ ತಿಂಗಳು, ತಾರೀಖು, ಸರ್ವೆ ನಂಬರು ಎಂದು ಕೇಳಿ ಅವಳನ್ನು ಗಲಿಬಿಲಿಗೊಳಿಸಿದೆ. ಅವಳು ತಲೆ ತಗ್ಗಿಸಿ ಕಟಕಟೆಯಿಂದ ಇಳಿದಳು; ನನ್ನ ಕಕ್ಷಿದಾರ ಗೆದ್ದ. ಅವಳು ನುಡಿದುದು ಸತ್ಯವಾಗಿತ್ತೆಂಬ ಶಂಕೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 118ನೆಯ ಕಲಮು ಸಾಕ್ಷಿ ಹೇಳುವ ಅರ್ಹತೆಯಲ್ಲಿ ಗಂಡು ಹೆಣ್ಣೆಂಬ ಭೇದ ಮಾಡಿರಲಿಲ್ಲ. ಕಾನೂನು ಬಾಗಿಲು ತೆರೆದಿತ್ತು. ಕಿವಿ ಮುಚ್ಚಿಕೊಂಡವನು ನಾನು.

ಧರ್ಮಸಭೆಯೂ ಈ ಪಾಠವನ್ನು ನಿಧಾನವಾಗಿ ಕಲಿಯಿತು. ಮರಿಯಳ ಸ್ಮರಣೆಯ ದಿನವಾದ ಜುಲೈ 22ನ್ನು ಪ್ರೇಷಿತರ ಹಬ್ಬಗಳ ಸಾಲಿಗೆ ಪೋಪ್ ಫ್ರಾನ್ಸಿಸರು ಏರಿಸಿದ್ದು 2016ರಲ್ಲಿ.

ಹಾಗಾದರೆ ಇಂದು ಈಸ್ಟರ್ ಆಚರಿಸುವುದೆಂದರೇನು? ಸಮಾಧಿಯ ಕಲ್ಲು ಉರುಳಿತೆಂದು ಹಾಡಿದರೆ ಸಾಲದು. ಕೂಲಿ ಸಿಗಲಿಲ್ಲವೆಂದು ಮನೆಗೆಲಸದಾಕೆ ಹೇಳುವಾಗ, ಇನ್ನೂ ಓದುತ್ತೇನೆಂದು ಮಗಳು ಹಟ ಹಿಡಿಯುವಾಗ, ಶಾಲೆಗೆ ಹೋಗಲು ಭಯವಾಗುತ್ತದೆಂದು ಚಿಕ್ಕ ಮಗು ಪಿಸುಗುಟ್ಟುವಾಗ, ಅದನ್ನು ಹರಟೆಯೆಂದು ತಳ್ಳಿಹಾಕದಿರಬೇಕು. ಪೇತ್ರನೂ ಮೊದಲು ನಂಬಲಿಲ್ಲ. ಆದರೂ ಎದ್ದು ಸಮಾಧಿಯತ್ತ ಓಡಿದನು. ನಮ್ಮಿಂದ ಅಷ್ಟಾದರೂ ಆಗಲಿ.