ಹನ್ನೊಂದನೇ ದಿನ ಗೊತ್ತು, 21ನೇ ದಿನ?

ಮನೆಯಲ್ಲಿ ಸಾವಾದರೆ ಮೂರನೇ ದಿನ ಏನು ಮಾಡಬೇಕು, ಹನ್ನೊಂದನೇ ದಿನ ಯಾರನ್ನು ಕರೆಯಬೇಕು, ತಿಂಗಳ ತಿಥಿಗೆ ಏನು ಅಡುಗೆ ಎಂದು ಹೇಳಿಕೊಡಲು ಊರಿನಲ್ಲಿ ಹತ್ತು ಹಿರಿಯರು ಸಿಗುತ್ತಾರೆ. 21ನೇ ದಿನದ ಬಗ್ಗೆ ಹೇಳುವವರು ಸಿಗುವುದಿಲ್ಲ. ಜನನ ಮರಣ ನೋಂದಣಿ ಕಾಯ್ದೆ, 1969 ಮತ್ತು ಅದರ ನಿಯಮಗಳ ಪ್ರಕಾರ ಸಾವಿನ ಮಾಹಿತಿಯನ್ನು 21 ದಿನಗಳೊಳಗೆ ನೋಂದಣಾಧಿಕಾರಿಗೆ ಕೊಡಬೇಕು. ನೆಂಟರೆಲ್ಲ ಹೊರಟು ಮನೆ ಖಾಲಿಯಾಗುವ ಹೊತ್ತಿಗೆ ಆ ದಿನ ಕಳೆದುಹೋಗಿರುತ್ತದೆ.

ಆಮೇಲೆ ಬ್ಯಾಂಕಿನವರೋ ವಿಮೆಯವರೋ ಮರಣ ಪ್ರಮಾಣಪತ್ರ ಕೇಳುತ್ತಾರೆ. ಆಗ ಮನೆಯವರ ಕಣ್ಣು ಬೀಳುವುದು ಕಾಲೇಜಿಗೆ ಹೋಗುವ ಹುಡುಗ, ಹುಡುಗಿಯ ಮೇಲೆ. ‘ಓದಿದವರು ನೀವೇ ಅಲ್ಲವೇ, ಹೋಗಿ ತನ್ನಿ’ ಎನ್ನುತ್ತಾರೆ. ಹದಿನೈದು ವರ್ಷ ಓದಿದ ನಮಗೂ ಆ ಅರ್ಜಿ ಎಲ್ಲಿ ಕೊಡಬೇಕೆಂದು ಯಾರೂ ಕಲಿಸಿರುವುದಿಲ್ಲ. ಅದಕ್ಕೇ ಈ ಬರಹ.

ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಯಿಂದ ಕಾಕಾ ಗೌಂಡಿ ಕೆಲಸಕ್ಕೆಂದು ದೊಡ್ಡ ಊರಿಗೆ ಹೋಗಿದ್ದರು. ಅಲ್ಲಿ ಎದೆನೋವು ಕಾಣಿಸಿಕೊಂಡಾಗ ಜೊತೆಗೆ ಕೆಲಸ ಮಾಡುತ್ತಿದ್ದವರು ಆಸ್ಪತ್ರೆಗೆ ಸೇರಿಸಿದರು. ಎರಡೇ ದಿನದಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದು ಊರಿನಲ್ಲೇ. ಪ್ರಮಾಣಪತ್ರವೂ ಊರಿನಲ್ಲೇ ಸಿಗುತ್ತದೆಂದು ಮನೆಯವರೆಲ್ಲ ತಿಳಿದಿದ್ದರು. ಗ್ರಾಮ ಆಡಳಿತಾಧಿಕಾರಿ ನಮ್ಮನ್ನು ಕೂರಿಸಿಕೊಂಡು ಸಮಾಧಾನದಿಂದ ಹೇಳಿದರು: ಸಾವು ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿ. ಮನೆ ಎಲ್ಲಿದೆ, ಮಣ್ಣು ಎಲ್ಲಾಯಿತು ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಇದು ಮೊದಲು ತಿಳಿಯಬೇಕಾದ ಸಂಗತಿ. ಮನೆಯಲ್ಲಿ ಸಾವಾದರೆ ಮಾಹಿತಿ ಕೊಡುವ ಹೊಣೆ ಮನೆಯ ಯಜಮಾನರದು, ಅವರಿಲ್ಲದಿದ್ದರೆ ಹತ್ತಿರದ ಸಂಬಂಧಿಕರದು. ಆಸ್ಪತ್ರೆಯಲ್ಲಿ ಆದರೆ ಆ ಹೊಣೆ ಆಸ್ಪತ್ರೆಯದು. ಆಸ್ಪತ್ರೆ ಕೊಡುವ ಸಾವಿನ ವರದಿಯಾಗಲಿ, ಸ್ಮಶಾನದ ರಸೀದಿಯಾಗಲಿ ಮರಣ ಪ್ರಮಾಣಪತ್ರ ಅಲ್ಲ. ನೋಂದಣಾಧಿಕಾರಿಯ ಸಹಿಯಿರುವ ಪತ್ರವೊಂದೇ ಎಲ್ಲ ಕಡೆ ನಡೆಯುವುದು.

ಕಾಕಾನ ಪತ್ರ ಕೊನೆಗೂ ಕೈಗೆ ಬಂತು. ಅದರಲ್ಲಿದ್ದದ್ದು ಕೆಲಸದ ಜಾಗದಲ್ಲಿ ಎಲ್ಲರೂ ಕರೆಯುತ್ತಿದ್ದ ಹೆಸರು. ಸೇರಿಸಿದವರು ಹೇಳಿದ್ದನ್ನೇ ಆಸ್ಪತ್ರೆಯವರು ಬರೆದುಕೊಂಡಿದ್ದರು. ಆಧಾರ್‌ನಲ್ಲಿ ಬೇರೆ ಹೆಸರು, ಪಹಣಿಯಲ್ಲಿ ಅದಕ್ಕೊಂದು ಅಡ್ಡಹೆಸರು. ‘ಈ ಮೂವರೂ ಒಬ್ಬರೇ ಎನ್ನುವುದಕ್ಕೆ ಏನು ಸಾಕ್ಷಿ?’ ಎಂದು ಬ್ಯಾಂಕಿನವರು ಕೇಳಿದರು. ಅವರ ದೃಷ್ಟಿಯಿಂದ ಪ್ರಶ್ನೆ ಸರಿಯೇ ಇತ್ತು. ಹೊರಗೆ ಬಂದ ಚಿಗವ್ವ, ‘ಸತ್ತದ್ದು ಇಡೀ ಊರಿಗೆ ಗೊತ್ತೈತಿ. ಈ ಹಾಳಿಗಷ್ಟ ಗೊತ್ತಿಲ್ಲೇನು ತಮ್ಮಾ?’ ಎಂದರು.

ತಿದ್ದುಪಡಿಗೆ ದಾರಿ ಇದೆ. ಕಾಯ್ದೆಯ 15ನೇ ಕಲಂ ಪ್ರಕಾರ ತಪ್ಪಾದ ನಮೂದನ್ನು ನೋಂದಣಾಧಿಕಾರಿ ಸರಿಪಡಿಸಬಹುದು. ಹಳೆಯ ಬರಹವನ್ನು ಅಳಿಸದೆ ಅಂಚಿನಲ್ಲಿ ಹೊಸದನ್ನು ಬರೆದು ಸಹಿ ಮಾಡುತ್ತಾರೆ. ಆಧಾರ್, ಅಫಿಡವಿಟ್, ಆಸ್ಪತ್ರೆಯ ಪತ್ರ ಇವಿಷ್ಟನ್ನು ಹೊಂದಿಸಲು ನಾವು ನಾಲ್ಕು ಸಲ ಆ ದೊಡ್ಡ ಊರಿಗೆ ಹೋಗಿಬಂದೆವು. ಹೋದಾಗಲೆಲ್ಲ ಬಸ್ಸಿನ ಖರ್ಚಿನ ಜೊತೆಗೆ ಚಿಗವ್ವನ ಒಂದು ದಿನದ ಕೂಲಿಯೂ ಹೋಯಿತು.

ಇಷ್ಟು ಓಡಾಟ ಒಂದು ಹಾಳೆಗಾಗಿ ಏಕೆ ಎಂದು ಕೇಳಬಹುದು. ಆ ಹಾಳೆಯಿಲ್ಲದೆ ಪೌತಿ ಖಾತೆ ಆಗುವುದಿಲ್ಲ, ವಿಧವಾ ವೇತನದ ಅರ್ಜಿ ಮುಂದೆ ಹೋಗುವುದಿಲ್ಲ, ಪಿ.ಎಫ್. ಹಣ ಬರುವುದಿಲ್ಲ. ಸರ್ಕಾರಿ ನೌಕರರ ಮನೆಯವರಾದರೆ ಅನುಕಂಪದ ಆಧಾರದ ನೇಮಕಾತಿಗೆ ಸಾಮಾನ್ಯವಾಗಿ ಸಾವಾದ 1 ವರ್ಷದೊಳಗೆ ಅರ್ಜಿ ಹಾಕಬೇಕು. ಕೆಲಸ ಹುಡುಕುವ ನಮ್ಮಂಥವರಲ್ಲಿ ಯಾರದೋ ಒಬ್ಬರ ನೌಕರಿ ಆ ಪತ್ರ ತಡವಾದದ್ದರಿಂದ ಕೈತಪ್ಪಬಹುದು.

ಇನ್ನೊಂದು ವಿಷಯ. ಕಾಕಾನ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿದಾಗ 436 ರೂಪಾಯಿ ಕಡಿತವಾದ ಒಂದು ಸಾಲು ಕಂಡಿತು. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಯ ವರ್ಷದ ಕಂತು. ಆ ವಿಮೆಯ ಮೊತ್ತ 2 ಲಕ್ಷ ರೂಪಾಯಿ. ಖಾತೆ ತೆರೆಯುವಾಗ ಯಾವುದೋ ಫಾರಂಗೆ ಸಹಿ ಹಾಕಿದ್ದು ಕಾಕಾ ಮನೆಯಲ್ಲಿ ಹೇಳಿರಲೇ ಇಲ್ಲ. ತಿದ್ದಿದ ಪ್ರಮಾಣಪತ್ರ ಕೊಟ್ಟ ಮೇಲೆ ಆ ಹಣ ಚಿಗವ್ವನ ಖಾತೆಗೆ ಬಂತು. ಇಬ್ಬರು ಮಕ್ಕಳ ಓದು ನಿಲ್ಲಲಿಲ್ಲ. ಮನೆಯಲ್ಲಿ ಸಾವಾದಾಗ ಪಾಸ್‌ಬುಕ್ಕನ್ನು ಸಾಲು ಸಾಲಾಗಿ ಓದಿ. 436 ಇದ್ದರೆ ಜೀವ ವಿಮೆ, 20 ರೂಪಾಯಿ ಇದ್ದರೆ ಅಪಘಾತ ವಿಮೆ ಇರಬಹುದು. ಬ್ಯಾಂಕಿನಲ್ಲಿ ವಿಚಾರಿಸಿ.

ಇನ್ನು ನೋಂದಣಿಯೇ ಆಗದ ಸಾವುಗಳಿವೆ. ಅವುಗಳಲ್ಲಿ ನಮ್ಮ ಅಜ್ಜಿಯರದೇ ಹೆಚ್ಚು. ಹೆಸರಿನಲ್ಲಿ ಹೊಲವಿಲ್ಲ, ಬ್ಯಾಂಕಿನಲ್ಲಿ ದುಡ್ಡಿಲ್ಲ, ಪತ್ರ ಯಾಕೆ ಬೇಕು ಎಂದು ಬಿಟ್ಟಿರುತ್ತಾರೆ. ಹತ್ತಾರು ವರ್ಷಗಳ ನಂತರ ವಂಶವೃಕ್ಷ ಮಾಡಿಸುವಾಗ ಆಕೆ ಎಂದು ತೀರಿಹೋದಳು ಎನ್ನುವ ಪ್ರಶ್ನೆ ಏಳುತ್ತದೆ. ಆಕೆಯ ಹೆಣ್ಣುಮಕ್ಕಳ ಪಾಲು ಅಲ್ಲಿಗೇ ನಿಲ್ಲುತ್ತದೆ. ಸತ್ತವರ ಹೆಸರಿನಲ್ಲೇ ಉಳಿದ ಪಹಣಿಗಳನ್ನು ವಾರಸುದಾರರಿಗೆ ವರ್ಗಾಯಿಸಲು ಕಂದಾಯ ಇಲಾಖೆ ಇ–ಪೌತಿ ಆಂದೋಲನವನ್ನೇ ನಡೆಸಬೇಕಾಗಿ ಬಂದಿದೆ ಎಂದರೆ ಈ ಕೆಲಸ ಎಷ್ಟು ಮನೆಗಳಲ್ಲಿ ಬಾಕಿ ಇದೆ ಎಂದು ಊಹಿಸಬಹುದು.

ತಡವಾದರೂ ಬಾಗಿಲು ಮುಚ್ಚುವುದಿಲ್ಲ. 21 ದಿನ ದಾಟಿ 30 ದಿನದೊಳಗಾದರೆ ತಡವಾದದ್ದಕ್ಕೆ ಶುಲ್ಕ ಕಟ್ಟಿದರೆ ಸಾಕು. 30 ದಿನ ದಾಟಿ 1 ವರ್ಷದೊಳಗಾದರೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. 1 ವರ್ಷ ದಾಟಿದರೆ ಮೊದಲು ನ್ಯಾಯಾಲಯದ ಆದೇಶ ಬೇಕಿತ್ತು. 2023ರ ತಿದ್ದುಪಡಿ ಅದನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಅವರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ವಹಿಸಿದೆ. ಈ ತಿದ್ದುಪಡಿ ಜಾರಿಗೆ ಬಂದದ್ದು 2023ರ ಅಕ್ಟೋಬರ್ 1ರಂದು. ಕೋರ್ಟಿನ ಹೆಸರು ಹೇಳಿ ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಗೆ ಹಣ ಕೊಡುವ ಮುನ್ನ ಇಷ್ಟು ತಿಳಿದಿರಲಿ.

ಅದೇ ತಿದ್ದುಪಡಿಯಲ್ಲಿ ಇನ್ನೆರಡು ಅನುಕೂಲಗಳಿವೆ. ನೋಂದಣಿಯಾದ 7 ದಿನಗಳೊಳಗೆ ಮಾಹಿತಿ ಕೊಟ್ಟವರಿಗೆ ಪ್ರಮಾಣಪತ್ರವನ್ನು ಉಚಿತವಾಗಿ ಕೊಡಬೇಕು. ನೋಂದಣಾಧಿಕಾರಿಯ ಕ್ರಮದಿಂದ ತೊಂದರೆಯಾದರೆ 30 ದಿನಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ನಮ್ಮ ರಾಜ್ಯದಲ್ಲಿ ಈ ಸೇವೆ ‘ಸಕಾಲ’ದ ವ್ಯಾಪ್ತಿಯಲ್ಲೂ ಇದೆ. ಅರ್ಜಿ ಕೊಟ್ಟಾಗ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಕೇಳಿ ಪಡೆಯಿರಿ. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕು ಇದೆ. ಮೊತ್ತ ಚಿಕ್ಕದು, ಆದರೆ ಆ ಸಂಖ್ಯೆ ಕೈಯಲ್ಲಿದ್ದರೆ ‘ನಾಳೆ ಬಾ’ ಎನ್ನುವ ಮಾತು ಕಡಿಮೆಯಾಗುತ್ತದೆ.

ಕಾನೂನು ಇಷ್ಟು ಸುಧಾರಿಸಿದ್ದರೂ ಜನ ಅಲೆಯುತ್ತಿರುವುದೇಕೆ? ನನಗೆ ಕಂಡ ಮಟ್ಟಿಗೆ ತೊಡಕು ಇರುವುದು ಮೊದಲ ಹೆಜ್ಜೆಯಲ್ಲಿ. ಆಸ್ಪತ್ರೆಯಲ್ಲಿ ಬರೆದ ಹೆಸರು ನೇರವಾಗಿ ದಾಖಲೆಗೆ ಹೋಗುತ್ತದೆ. ಆ ಕ್ಷಣದಲ್ಲಿ ಮನೆಯವರು ಅಳುತ್ತಾ ಆಂಬುಲೆನ್ಸ್ ಹುಡುಕುತ್ತಿರುತ್ತಾರೆ. ವರದಿ ಕಳಿಸುವ ಮುನ್ನ ಮೃತರ ಹೆಸರು, ತಂದೆ ಅಥವಾ ಗಂಡನ ಹೆಸರು, ವಿಳಾಸವನ್ನು ಗುರುತಿನ ಚೀಟಿಯೊಂದಿಗೆ ಹೋಲಿಸಿ, ಮನೆಯವರಿಗೆ ಕನ್ನಡದಲ್ಲಿ ಓದಿ ಹೇಳಿ ಸಹಿ ಪಡೆಯುವುದನ್ನು ಎಲ್ಲ ಆಸ್ಪತ್ರೆಗಳಿಗೂ ಕಡ್ಡಾಯ ಮಾಡಬೇಕು. ಐದು ನಿಮಿಷದ ಕೆಲಸ ಇದು. ಐದು ತಿಂಗಳ ಓಡಾಟ ತಪ್ಪುತ್ತದೆ.

ಎರಡನೆಯದು, ತಿದ್ದುಪಡಿಯ ಅರ್ಜಿಯನ್ನು ಅರ್ಜಿದಾರರ ಊರಿನ ಕಚೇರಿಯಲ್ಲೇ ಸ್ವೀಕರಿಸಿ, ದಾಖಲೆಗಳನ್ನು ನೋಂದಣಿಯಾದ ಕಚೇರಿಗೆ ಕಳಿಸುವ ವ್ಯವಸ್ಥೆ ಬೇಕು. ಇ–ಜನ್ಮ ತಂತ್ರಾಂಶ ಇರುವಾಗ ದಾಖಲೆಗಳು ಪ್ರಯಾಣ ಮಾಡಲಿ. ಕೂಲಿ ಬಿಟ್ಟು ಹೆಣ್ಣುಮಗಳೊಬ್ಬಳು ಪ್ರಯಾಣ ಮಾಡುವುದು ಯಾಕೆ? ಡಿಜಿಟಲ್ ಸಹಿ ಇರುವ ಪತ್ರವನ್ನು ತೋರಿಸಿದರೂ ‘ಒರಿಜಿನಲ್ ತನ್ನಿ’ ಎನ್ನುವ ಕಚೇರಿಗಳಿಗೆ ಸ್ಪಷ್ಟ ಸುತ್ತೋಲೆಯೂ ಬೇಕು.

ಮೂರನೆಯ ಕೆಲಸ ನಮ್ಮದು. ಪ್ರತಿ ವರ್ಷ ಎನ್‌ಎಸ್‌ಎಸ್ ಶಿಬಿರದಲ್ಲಿ ಏಳು ದಿನ ಹಳ್ಳಿಯಲ್ಲಿ ಇರುತ್ತೇವೆ. ಕಸ ಗುಡಿಸುತ್ತೇವೆ, ಗಿಡ ನೆಡುತ್ತೇವೆ. ಅದರಲ್ಲಿ ಒಂದು ದಿನವನ್ನು ಇದಕ್ಕೆ ಕೊಡೋಣ. ಮನೆ ಮನೆಗೆ ಹೋಗಿ, ತೀರಿಹೋದವರ ನೋಂದಣಿ ಆಗಿದೆಯೇ, ಹೆಸರು ಸರಿ ಇದೆಯೇ ಎಂದು ಕೇಳಿ ಪಟ್ಟಿ ಮಾಡಿ, ಅರ್ಜಿ ತುಂಬಿಸಿ ಕೊಡೋಣ. ಸ್ಪರ್ಧಾತ್ಮಕ ಪರೀಕ್ಷೆಗಾಗಿ ಪಂಚಾಯತ್ ರಾಜ್ ವಿಧಿಗಳನ್ನು ಬಾಯಿಪಾಠ ಮಾಡುವ ನಮಗೆ ಒಂದು ಕಚೇರಿ ನಿಜವಾಗಿ ಹೇಗೆ ನಡೆಯುತ್ತದೆ ಎನ್ನುವುದೂ ಆಗ ಗೊತ್ತಾಗುತ್ತದೆ. ನಾಳೆ ನಮ್ಮಲ್ಲೇ ಯಾರೋ ಪಿಡಿಒ ಆಗಬಹುದು, ಗ್ರಾಮ ಆಡಳಿತಾಧಿಕಾರಿ ಆಗಬಹುದು. ಕಿಟಕಿಯ ಹೊರಗೆ ನಿಂತಿದ್ದ ನೆನಪಿದ್ದವರು ಒಳಗೆ ಕೂತಾಗ ಅರ್ಜಿಯನ್ನು ಬೇರೆ ರೀತಿ ನೋಡುತ್ತಾರೆ ಎಂಬ ನಂಬಿಕೆ ನನ್ನದು.

ಅಲ್ಲಿಯವರೆಗೆ ನಿಮ್ಮ ಮನೆಯ ಹಿರಿಯರ ಆಧಾರ್, ಪಹಣಿ, ಪಾಸ್‌ಬುಕ್ ಮೂರನ್ನೂ ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಿ. ಹೆಸರುಗಳು ಹೊಂದದಿದ್ದರೆ ಅವರು ಎದುರಿಗಿರುವಾಗಲೇ ಸರಿಪಡಿಸಿ. ಅವರು ಇರುವಾಗ ಒಂದು ಸಹಿಯಲ್ಲಿ ಮುಗಿಯುವ ಕೆಲಸ ಅದು.