ಬಿಡುವಿನ ವೇಳೆ: ಜೈನರ ಮನೆಯಲ್ಲೊಂದು ಹಾಯಿಹಡಗು

ಭೈರವಾನಿತಿಪ್ಪದ ಕಡೆಯಿಂದ ಶ್ರಾವಿಕೆಯೊಬ್ಬರು ಪತ್ರ ಬರೆದಿದ್ದಾರೆ. ಹತ್ತನೆಯ ತರಗತಿ ಮುಗಿಸಿದ ಅವರ ಮಗನಿಗೆ ಸೋದರಮಾವ ಬೆಂಗಳೂರಿನಿಂದ ಒಂದು ಪೆಟ್ಟಿಗೆ ತಂದುಕೊಟ್ಟಿದ್ದಾರಂತೆ. ಅದರೊಳಗೆ ಮರದ ಸಣ್ಣ ಸಣ್ಣ ಪಟ್ಟಿಗಳು, ದಾರದ ಉಂಡೆಗಳು, ಹಿತ್ತಾಳೆಯ ಸಾಮಾನು ಮತ್ತು ಒಂದು ನಕ್ಷೆ. ಎಲ್ಲವನ್ನೂ ಜೋಡಿಸಿದರೆ ಹಳೆಯ ಕಾಲದ ಹಾಯಿಹಡಗೊಂದು ಆಗುತ್ತದೆ. ಹುಡುಗ ಎರಡು ತಿಂಗಳಿಂದ ಅದರ ಮುಂದೆಯೇ ಕುಳಿತಿದ್ದಾನೆ. ಹೊಳೆಯಲ್ಲೇ ನೀರು ಅಪರೂಪವಾದ ಊರಲ್ಲಿ ಹಡಗು ಕಟ್ಟಿ ಏನು ಫಲ ಎಂಬುದು ತಾಯಿಯ ಮೊದಲ ಪ್ರಶ್ನೆ. ಜೊತೆಗೆ, ಆ ಹಡಗಿಗೆ ಫಿರಂಗಿಗಳಿವೆ. ಅಂಟು, ಮೇಣ, ಬಣ್ಣಗಳು ಯಾವುದರಿಂದ ಮಾಡಿದವೋ ತಿಳಿಯದು. ಇವು ನಮ್ಮ ಮನೆಯಲ್ಲಿ ಇರಬಹುದೇ ಎಂದೂ ಕೇಳಿದ್ದಾರೆ.

ನೀರಿನ ಮಾತು ಬೇಗ ಮುಗಿಸೋಣ. ಹಗರಿ ಹೊಳೆಯ ಮೇಲುಗಡೆ, ಹಿರಿಯೂರಿನ ಹತ್ತಿರ ಇರುವ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಅದರ ಕೆಳಗಿನ ಭೈರವಾನಿತಿಪ್ಪದವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈ ಹಡಗು ತೇಲುವುದಕ್ಕೆಂದು ಕಟ್ಟುವುದಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಇಡುವುದಕ್ಕೆ. ಸಮುದ್ರವಂತೂ ನಮಗೆ ಹೊಸದಲ್ಲ. ಧವಳಶೆಟ್ಟಿಯ ಹಡಗುಗಳ ಜೊತೆ ಹೊರಟ ಶ್ರೀಪಾಲನ ಕಥೆ ಕೇಳದೆ ಬೆಳೆದ ಜೈನ ಮಕ್ಕಳು ಕಡಿಮೆ. ಈಚಿನ ಕಾಲಕ್ಕೆ ಬಂದರೆ, 1893ರಲ್ಲಿ ಶಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಆಹ್ವಾನ ಬಂದದ್ದು ಆಚಾರ್ಯ ವಿಜಯಾನಂದಸೂರಿಗಳಿಗೆ. ಮುನಿಗಳಾದ ಅವರು ಹಡಗು ಹತ್ತುವಂತಿರಲಿಲ್ಲ. ಅವರ ಪರವಾಗಿ ಹೋದವರು ಮಹುವಾದ ವೀರಚಂದ ಗಾಂಧಿ. ಸಮುದ್ರ ದಾಟಿದರೆಂದು ಸಮಾಜದ ಒಂದು ವರ್ಗದಿಂದ ಅವರು ವಿರೋಧವನ್ನೂ ಎದುರಿಸಬೇಕಾಯಿತು.

ಇನ್ನು ಕೆಲಸದ ಸ್ವರೂಪ. ಕಿಟ್ ಎಂದು ಕರೆಯುವ ಈ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಇಟಲಿ, ಸ್ಪೇನ್ ಮೊದಲಾದ ದೇಶಗಳಿಂದ ಬರುತ್ತವೆ, ಬೆಲೆ ಕಡಿಮೆಯೇನಲ್ಲ. ಮೊದಲು ಬೆನ್ನೆಲುಬಿನಂಥ ಒಂದು ಅಡಿಪಟ್ಟಿ. ಅದಕ್ಕೆ ಅಡ್ಡಲಾಗಿ, ಪಕ್ಕೆಲುಬಿನ ಹಾಗೆ, ಪ್ಲೈವುಡ್ಡಿನ ಹಲಗೆಗಳು. ಅವುಗಳ ಅಂಚನ್ನು ಸ್ಯಾಂಡ್ ಪೇಪರಿನಿಂದ ಓರೆಯಾಗಿ ಉಜ್ಜಿದರೆ ಮಾತ್ರ ಮೇಲೆ ಬರುವ ಪಟ್ಟಿ ಸರಿಯಾಗಿ ಕೂರುತ್ತದೆ. ಪಟ್ಟಿಗಳನ್ನು ನೀರಲ್ಲಿ ನೆನೆಸಿ ಬಗ್ಗಿಸಿ, ಎಡಕ್ಕೊಂದು ಬಲಕ್ಕೊಂದು ಎಂದು ಅಂಟಿಸುತ್ತ ಹೋಗಬೇಕು. ಅವಸರಪಟ್ಟು ಒಂದೇ ಮಗ್ಗುಲನ್ನು ಮುಗಿಸಿದರೆ ಅಡಿಪಟ್ಟಿಯೇ ಸೊಟ್ಟಗಾಗುತ್ತದೆ, ಆಮೇಲೆ ಏನು ಮಾಡಿದರೂ ನೇರವಾಗದು. ಕೂವೆಮರ ನಿಲ್ಲಿಸಿದ ಮೇಲೆ ಹಗ್ಗಗಳ ಸರದಿ. ಕೂವೆಯನ್ನು ಬಿಗಿದು ಹಿಡಿಯುವ ಹಗ್ಗಕ್ಕೆ ನಿಜವಾದ ಹಡಗಿನಲ್ಲಿ ಟಾರು ಬಳಿಯುತ್ತಿದ್ದುದರಿಂದ ಅದು ಕಪ್ಪು. ಹಾಯಿಯನ್ನು ಏರಿಸಿ ಇಳಿಸುವ ಹಗ್ಗ ಸೆಣಬಿನ ಬಣ್ಣದ್ದು. ನಾವಿಕರು ಹತ್ತುವ ಹಗ್ಗದ ಏಣಿಗಳಲ್ಲೇ ನೂರಾರು ಗಂಟುಗಳನ್ನು ಒಂದೊಂದಾಗಿ ಹಾಕಬೇಕು. ಟಿ.ವಿ. ಮುಂದೆ ಕೂರುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಈಗ ತಾಯಿ ಎತ್ತಿದ ಮುಖ್ಯ ವಿಷಯ. ಹಿಂದೆ ಬಡಗಿಗಳು ಬಳಸುತ್ತಿದ್ದ ಮರವಜ್ರ ಪ್ರಾಣಿಗಳ ಚರ್ಮ, ಮೂಳೆಗಳನ್ನು ಕುದಿಸಿ ತೆಗೆದ ಅಂಟು. ಅದು ಖಂಡಿತ ಬೇಡ. ಅದರ ಜಾಗಕ್ಕೆ 1959ರಲ್ಲಿ ಫೆವಿಕಾಲ್ ಎಂಬ ರಾಸಾಯನಿಕ ಅಂಟನ್ನು ತಂದವರು ಬಲವಂತ ಪಾರೇಖ್. ಅವರೂ ಮಹುವಾದವರೇ ಎಂಬುದು ಸೋಜಿಗ. ಈ ಬಿಳಿಯ ಅಂಟು ಹಡಗಿನ ಮರಗೆಲಸಕ್ಕೆ ಧಾರಾಳವಾಗಿ ಸಾಕು. ಕಿಟ್‌ನ ಸೂಚನೆಗಳಲ್ಲಿ, ದಾರದ ನವಿರು ಎದ್ದು ಕಾಣದಿರಲು ಅದನ್ನು ಜೇನುಮೇಣದ ಮೇಲೆ ಎಳೆಯಿರಿ ಎಂದು ಬರೆದಿರುತ್ತದೆ. ಜೇನನ್ನೇ ಮುಟ್ಟದ ನಾವು ಜೇನುಗೂಡಿನ ಮೇಣವನ್ನು ಯಾಕೆ ಕೊಳ್ಳಬೇಕು? ಅಂಗಡಿಯ ಸಾಮಾನ್ಯ ಮೇಣದಬತ್ತಿ ಪೆಟ್ರೋಲಿಯಂನಿಂದ ಬಂದ ಪ್ಯಾರಫಿನ್ನಿನದು, ಅದರ ಮೇಲೆ ಎಳೆದರಾಯಿತು. ಇಲ್ಲವೇ ನೀರು ಬೆರೆಸಿದ ಫೆವಿಕಾಲನ್ನು ಬೆರಳಿನಿಂದ ಸವರಿದರೂ ನಡೆಯುತ್ತದೆ. ರೇಷ್ಮೆಯ ದಾರ ಚೆನ್ನಾಗಿ ಕಾಣುತ್ತದೆಂದು ಕೆಲವರು ಹೇಳುತ್ತಾರೆ. ಗೂಡುಗಳನ್ನು ಬಿಸಿನೀರಿಗೆ ಹಾಕುವುದನ್ನು ಹಿಂದೂಪುರ, ಮಡಕಶಿರಾ ಕಡೆಯವರು ಕಣ್ಣಾರೆ ಬಲ್ಲರು. ಹತ್ತಿಯ ನೂಲು ಬಳಸಿ. ಫ್ರೆಂಚ್ ಪಾಲಿಶ್ ಎಂಬುದು ಅರಗಿನಿಂದ ಆದದ್ದು, ಅರಗು ಹುಳುವಿನಿಂದ ಬಂದದ್ದು. ಶ್ರಾವಕರು ಬಿಡಬೇಕಾದ ವ್ಯಾಪಾರಗಳ ಪಟ್ಟಿಯಲ್ಲಿ ಲಾಕ್ಷಾವಾಣಿಜ್ಯವೂ ಇದೆಯೆಂಬುದನ್ನು ನೆನೆಯಬಹುದು. ನೀರಿನಲ್ಲಿ ಕಲಸುವ ಅಕ್ರಿಲಿಕ್ ವಾರ್ನಿಷ್ ಈಗ ಸಿಗುತ್ತದೆ.

ಒಂದು ಮಾತು ಯಾವ ಸೂಚನಾ ಪುಸ್ತಕದಲ್ಲೂ ಇರುವುದಿಲ್ಲ. ರಾತ್ರಿ ದೀಪದ ಕೆಳಗೆ ವಾರ್ನಿಷ್ ಬಳಿದರೆ, ಮಳೆಗಾಲದಲ್ಲಂತೂ, ದೀಪಕ್ಕೆ ಬಂದ ಹುಳುಗಳೆಲ್ಲ ಆ ಹಸಿಯಲ್ಲಿ ಅಂಟಿಕೊಂಡು ಸಾಯುತ್ತವೆ. ಬಳಿಯುವ ಕೆಲಸ ಹಗಲಲ್ಲೇ ಆಗಲಿ, ಒಣಗುವ ತನಕ ಮೇಲೊಂದು ಪೆಟ್ಟಿಗೆ ಕವುಚಿಡಲಿ. ಗಂಟು ಹಾಕುವುದು, ಮರ ಉಜ್ಜುವುದು ರಾತ್ರಿಗೆ ಇರಲಿ. ಇನ್ನೊಂದು, ಈ ಹವ್ಯಾಸಿಗಳಲ್ಲಿ ಹಲವರು ಕಟ್ಟುವುದಕ್ಕಿಂತ ಕೊಳ್ಳುವುದರಲ್ಲೇ ಮುಂದು. ಬಿಚ್ಚದ ಕಿಟ್‌ಗಳು ಅಟ್ಟದ ಮೇಲೆ ಸಾಲಾಗಿ ಕೂತಿರುತ್ತವೆ. ಪರಿಗ್ರಹ ಪರಿಮಾಣವನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಇಲ್ಲ: ಕೈಯಲ್ಲಿರುವುದು ಮುಗಿಯುವ ತನಕ ಎರಡನೆಯದು ಮನೆಗೆ ಬರಬಾರದು.

ಫಿರಂಗಿಯ ಪ್ರಶ್ನೆ ಇನ್ನೂ ಉಳಿದಿದೆ. ಬಹಳ ಮಂದಿ ಕಟ್ಟುವ ಇಂಗ್ಲೆಂಡಿನ ವಿಕ್ಟರಿ ಹಡಗು 1805ರ ಟ್ರಫಾಲ್ಗರ್ ಯುದ್ಧದಲ್ಲಿ 104 ಫಿರಂಗಿಗಳನ್ನು ಹೊತ್ತಿತ್ತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಐದು ಅನರ್ಥದಂಡಗಳಲ್ಲಿ, ಆಯುಧಗಳನ್ನು ಕೊಡುವ ಹಿಂಸಾದಾನವೂ ಒಂದು. ಬೆರಳುಗುರಿನಷ್ಟಿನ ಹಿತ್ತಾಳೆ ನಳಿಗೆ ಆಯುಧವೆಂದು ಯಾರೂ ವಾದಿಸಲಾರರು. ಆದರೆ ಆರು ತಿಂಗಳು ಹುಡುಗನ ಮನಸ್ಸು ಯಾವುದರ ಮೇಲೆ ನಿಂತಿರುತ್ತದೆ ಎಂಬುದು ಸಣ್ಣ ವಿಷಯವಲ್ಲ. ಅಪಧ್ಯಾನವೂ ಆ ಐದರಲ್ಲೇ ಇದೆ. ಕೊಳ್ಳುವ ಮೊದಲೇ ಕೇಳಿದ್ದರೆ, 1869ರ ಕಟಿ ಸಾರ್ಕ್‌ನಂಥ ವ್ಯಾಪಾರಿ ಹಡಗನ್ನು ಆರಿಸಿ ಎನ್ನುತ್ತಿದ್ದೆ. ಚೀನಾದಿಂದ ಲಂಡನ್ನಿಗೆ ಚಹಾ ತರಲು ಕಟ್ಟಿದ ಹಡಗದು. ಈಗ ಮನೆಗೆ ಬಂದಿರುವುದನ್ನು ಒಲೆಗೆ ಹಾಕಬೇಕಾಗಿಲ್ಲ. ಸಮುದ್ರದಲ್ಲಿ ಅಲೆ ಜೋರಾದಾಗ ಫಿರಂಗಿಯ ಕಿಂಡಿಗಳನ್ನು ಮುಚ್ಚುತ್ತಿದ್ದರು. ಹುಡುಗನೂ ಎಲ್ಲ ಕಿಂಡಿಗಳ ಬಾಗಿಲು ಮುಚ್ಚಿ ಅಂಟಿಸಲಿ, ಫಿರಂಗಿಗಳನ್ನು ಪೆಟ್ಟಿಗೆಯಲ್ಲೇ ಬಿಡಲಿ. ಹಡಗಿನ ಚರಿತ್ರೆಗೂ ಅದರಿಂದ ಅಪಚಾರವಾಗದು.

ಮುಂದಿನ ಹಡಗಿಗೆ ಕಿಟ್ಟೇ ಬೇಡ ಎನ್ನುವುದಾದರೆ ನಮ್ಮದೇ ಒಂದಿದೆ. ಅಜಂತಾದ ಗುಹೆಯ ಚಿತ್ರವೊಂದನ್ನು ನೋಡಿ ಗೋವಾದಲ್ಲಿ ಕಟ್ಟಿದ ಕೌಂಡಿನ್ಯ ಎಂಬ ಹಾಯಿಹಡಗನ್ನು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿಸಿಕೊಂಡರು. ನೌಕಾಪಡೆಯದಾದರೂ ಇದು ಯುದ್ಧದ ಹಡಗಲ್ಲ. ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಹಾಯಿಯ ಮೇಲೆ ನಮ್ಮ ಗಂಡಭೇರುಂಡ, ಮೂತಿಯಲ್ಲಿ ಸಿಂಹಯಾಳಿ. ಹಳೆಯ ನಕ್ಷೆ ಯಾವುದೂ ಇಲ್ಲದಿದ್ದುದರಿಂದ ಇದರದೇ ಚಿಕ್ಕ ಮಾದರಿಯನ್ನು ಮದರಾಸಿನ ಐ.ಐ.ಟಿ.ಯಲ್ಲಿ ನೀರಿಗಿಳಿಸಿ ಪರೀಕ್ಷಿಸಿದ್ದರು. 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಕೌಂಡಿನ್ಯ ಮರುತಿಂಗಳು ಮಸ್ಕತ್ ಮುಟ್ಟಿತು. ಅದರ ಉದ್ದ 19.6 ಮೀಟರ್, ಅಗಲ 6.5 ಮೀಟರ್. ಐವತ್ತರಲ್ಲಿ ಒಂದು ಪಾಲು ಮಾಡಿದರೆ ಉದ್ದ 39 ಸೆಂಟಿಮೀಟರ್, ಅಗಲ 13. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆಮರದ ತೆಳು ಪಟ್ಟಿ ಸಿಕ್ಕರೆ ಒಡಲಿಗೆ ಅದು, ಕೂವೆಗೆ ಬಿದಿರಿನ ಕಡ್ಡಿ, ಹಾಯಿಗೆ ಹಳೆಯ ಪಂಚೆಯ ತುಂಡು. ಹಲಗೆಗೆ ರಂಧ್ರ ಕೊರೆಯಲು ಸಣ್ಣ ಕೈಬೈರಿಗೆ ಬೇಕು. ಹೊಲಿಗೆಯನ್ನು ತಾಯಿಯೇ ಹೇಳಿಕೊಡಬಹುದು.