ಗುಡ್ಡದ ಊರಿಗೆ ಎಂಥ ಸೈಕಲ್ ಬೇಕು?

ಯಾದಗಿರಿ, ಶಹಾಪುರ, ಸುರಪುರ ಎಂದೊಡನೆ ಹೊರಗಿನವರ ಕಣ್ಣಿಗೆ ಬರುವುದು ಬಯಲು. ಕೃಷ್ಣಾ, ಭೀಮಾ ನದಿಗಳ ಸೀಮೆ, ಎರೆಹೊಲ, ನಾರಾಯಣಪುರ ಕಾಲುವೆಯ ಕೆಳಗಿನ ಭತ್ತದ ಗದ್ದೆ. ಆದರೆ ಈ ಬಯಲಿನ ನಡುವೆಯೇ ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟವಿದೆ, ಕೋಟೆ ಹೊತ್ತ ಯಾದಗಿರಿಯ ಗುಡ್ಡವಿದೆ, ಬಂಡೆಗಳ ನಡುವೆ ನೆಲೆಸಿದ ಸುರಪುರವಿದೆ. ಇಲ್ಲಿನ ಏರುಗಳು ಮಲೆನಾಡಿನ ಘಟ್ಟದಷ್ಟು ಉದ್ದವಲ್ಲ. ಆದರೂ ಹಿಂದೆ ಹಾಲಿನ ಕ್ಯಾನನ್ನೋ ಮೇವಿನ ಹೊರೆಯನ್ನೋ ಕಟ್ಟಿಕೊಂಡ ಮೈಭಾರದ ಸವಾರ, ತಂಗಿಯನ್ನು ಕೂರಿಸಿಕೊಂಡು ಶಾಲೆಗೆ ಹೊರಟ ಬಾಲಕಿ ಅಲ್ಲಿ ಇಳಿದು ತಳ್ಳಲೇಬೇಕು. ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಈ ತಳ್ಳಾಟ ಸಣ್ಣ ಮಾತಲ್ಲ.

ಇದಕ್ಕೆ ಪರಿಹಾರವೆಂದು ಅನೇಕರು ಪೇಟೆಯ ಗೇರ್ ಸೈಕಲ್ಲಿನತ್ತ ನೋಡುತ್ತಾರೆ. ಅದರ ಸೂಕ್ಷ್ಮ ಭಾಗಗಳು ಧೂಳು ಮತ್ತು ಎರೆಮಣ್ಣಿನ ಕೆಸರಿನಲ್ಲಿ ಬೇಗ ಕೆಡುತ್ತವೆ. ಅವನ್ನು ರಿಪೇರಿ ಮಾಡುವ ಕೈ, ಬದಲಿ ಭಾಗ ಎರಡೂ ಹಳ್ಳಿಯಲ್ಲಿ ಸಿಗುವುದು ಅಪರೂಪ. ನಿಜವಾದ ಪರಿಹಾರ ಹಿಂದಿನ ಚಕ್ರದ ಫ್ರೀವೀಲಿನಲ್ಲೇ ಇದೆ.

ನಮ್ಮಲ್ಲಿ ಬಳಕೆಯಲ್ಲಿರುವ 28 ಇಂಚಿನ ಕರಿ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ 44 ಅಥವಾ 48 ಹಲ್ಲು, ಹಿಂದೆ 18 ಹಲ್ಲು ಇರುತ್ತವೆ. 44ಕ್ಕೆ 18 ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು 5.4 ಮೀಟರ್ ಸಾಗುತ್ತದೆ. 22 ಹಲ್ಲಿನ ಫ್ರೀವೀಲ್ ಹಾಕಿದರೆ ಸಾಗುವ ದೂರ ಸುಮಾರು 4.5 ಮೀಟರ್. ಸವಾರ, ಸೈಕಲ್, ಹೊರೆ ಸೇರಿ 120 ಕಿಲೋ ತೂಗುವ ಗಾಡಿ ನೂರಡಿಗೆ ಐದಡಿ ಏರುವ ದಾರಿಯಲ್ಲಿದೆ ಎಂದುಕೊಳ್ಳೋಣ. ಮೊದಲನೆಯದರಲ್ಲಿ ಪೆಡಲಿನ ಮೇಲೆ ಸರಾಸರಿ 31 ಕಿಲೋ ಒತ್ತಡ ಬೇಕು, ಎರಡನೆಯದರಲ್ಲಿ 26 ಕಿಲೋ ಸಾಕು. ಏರಿನಲ್ಲಿ ಇಳಿದು ತಳ್ಳುವುದಕ್ಕೂ ಕುಳಿತೇ ದಾಟುವುದಕ್ಕೂ ಇರುವ ಅಂತರ ಅನೇಕ ವೇಳೆ ಇಷ್ಟೇ.

ಇದಕ್ಕೆ ತೆರಬೇಕಾದ ಬೆಲೆ ವೇಗ. ನಿಮಿಷಕ್ಕೆ 60 ಸುತ್ತು ತುಳಿಯುವವರು ಗಂಟೆಗೆ 19 ಕಿ.ಮೀ. ಬದಲು 16 ಕಿ.ಮೀ. ಸಾಗುತ್ತಾರೆ. ಐದು ಕಿಲೋಮೀಟರ್ ದೂರದ ಶಾಲೆಗೆ ಮೂರು ನಿಮಿಷ ತಡವಾದೀತು. ಒಂದೇ ಏರಿನಲ್ಲಿ ಸೈಕಲ್ ತಳ್ಳಿದರೂ ಅಷ್ಟು ಹೊತ್ತು ಕಳೆಯುತ್ತದೆ. ಹೆಚ್ಚು ಬಯಲಿನ ದಾರಿಯವರಿಗೆ 20 ಹಲ್ಲು ಸಾಕು, ಗುಡ್ಡದ ಮಗ್ಗುಲಿನವರಿಗೆ 22 ಒಳಿತು. ಫ್ರೀವೀಲ್ ತಿರುಪಿನಿಂದ ಕೂರುವುದರಿಂದ ಹಬ್ ಬದಲಿಸಬೇಕಿಲ್ಲ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು, ಅಷ್ಟೆ.

ಎರಡನೆಯ ಮಾತು ಬಾಳಿಕೆಯದು. ಭಾರದ ಹೆಚ್ಚಿನ ಪಾಲು ಬೀಳುವುದು ಹಿಂದಿನ ಚಕ್ರದ ಮೇಲೆ. ಹಳೆಯ ಕಾಲದವರು ಮುಂದೆ 32, ಹಿಂದೆ 40 ಕಡ್ಡಿ ಇಟ್ಟದ್ದು ಇದನ್ನು ಅರಿತೇ. ಅಲಂಕಾರಕ್ಕಾಗಿ ಕಡ್ಡಿ ಕಡಿಮೆ ಮಾಡಿದ ಸೈಕಲ್ ಭಾರದ ಸವಾರನಿಗೆ ಸಲ್ಲದು. ಕಡ್ಡಿ ಮುರಿಯುವುದು ಒಂದೇ ಪೆಟ್ಟಿಗೆ ಅಲ್ಲ. ಸಡಿಲವಾದ ಕಡ್ಡಿ ಪ್ರತಿ ಸುತ್ತಿಗೂ ಸಡಿಲಗೊಂಡು ಬಿಗಿದು ದಣಿಯುತ್ತದೆ, ಕೊನೆಗೆ ಹಬ್ಬಿನ ಬಳಿ ತುಂಡಾಗುತ್ತದೆ. ಆದ್ದರಿಂದ ಹೊಸ ಚಕ್ರವನ್ನು ಮೊದಲ ತಿಂಗಳಲ್ಲೇ ಒಮ್ಮೆ ಬಿಗಿಗೊಳಿಸಿ ಸರಿಪಡಿಸುವುದು ಅಗತ್ಯ. ಚೈನ್ ಸವೆತವನ್ನು ಶಾಲೆಯ ಅಡಿಪಟ್ಟಿಯಿಂದಲೇ ಅಳೆಯಬಹುದು. ಹೊಸ ಚೈನಿನ ಇಪ್ಪತ್ತನಾಲ್ಕು ಅರ್ಧ ಇಂಚುಗಳು ಸರಿಯಾಗಿ ಒಂದು ಅಡಿ. ಅದು ಹದಿನಾರನೇ ಒಂದಂಶ ಇಂಚು ಹಿಗ್ಗಿದಾಗ ಚೈನ್ ಬದಲಿಸಿದರೆ ಹಲ್ಲುಗಳು ಉಳಿಯುತ್ತವೆ. ಎಂಟನೇ ಒಂದಂಶ ಹಿಗ್ಗುವವರೆಗೆ ಕಾದರೆ ಅವೂ ಸವೆದಿರುತ್ತವೆ. ಏರು ಹತ್ತಿದವರು ಇಳಿಯಲೂ ಬೇಕಲ್ಲವೇ? ಭಾರ ಹೆಚ್ಚಿದಷ್ಟೂ ನಿಲ್ಲಲು ದೂರ ಹೆಚ್ಚು ಬೇಕು. ಸವೆದ ಬ್ರೇಕ್ ರಬ್ಬರನ್ನು ಮುಂದಿನ ಸಂತೆಯವರೆಗೆ ಎಳೆಯಬಾರದು.

ಈ ಮಾತುಗಳು ಬರಿಯ ಸೈಕಲ್ ಶಾಪಿನ ವಿಷಯಗಳಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 52ನ್ನೂ ಮುಟ್ಟಲಿಲ್ಲ, ರಾಜ್ಯದಲ್ಲೇ ಅದು ಕೊನೆಯ ಸ್ಥಾನ. ಪ್ರೌಢಶಾಲೆ ಪಕ್ಕದ ಊರಿನಲ್ಲಿದ್ದಾಗ ಮೊದಲು ಮನೆಯಲ್ಲಿ ಉಳಿಯುವವಳು ಹುಡುಗಿ. 2006-07ರಲ್ಲಿ ಆರಂಭವಾದ, ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ರಾಜ್ಯ ಸರ್ಕಾರದ ಯೋಜನೆ ಈ ಕಾರಣಕ್ಕೇ ಮಹತ್ವದ್ದಾಗಿತ್ತು. ಆದರೆ ಕರಾವಳಿಗೂ ಕಲ್ಲುಗುಡ್ಡಕ್ಕೂ ಒಂದೇ ಬಗೆಯ ಸೈಕಲ್ ಬಂತು. ಗುಣಮಟ್ಟದ ಬಗ್ಗೆ ದೂರುಗಳು ಎದ್ದವು. 2020ರ ಕೋವಿಡ್ ಕಾಲದಲ್ಲಿ ವಿತರಣೆಯೇ ನಿಂತಿತು.

ಸೈಕಲ್ ಕೊಡಿ ಎಂದು ಕೇಳುವುದು ನ್ಯಾಯವೇ. ಅದರೊಡನೆ ಎಂಥ ಸೈಕಲ್ ಎಂದೂ ಕೇಳಬೇಕಾಗಿದೆ. ಗುಡ್ಡದ ತಾಲ್ಲೂಕಿಗೆ 20 ಅಥವಾ 22 ಹಲ್ಲಿನ ಫ್ರೀವೀಲ್, ಹಿಂದೆ 40 ಕಡ್ಡಿ, ಗಟ್ಟಿ ಕ್ಯಾರಿಯರ್ ಎಂದು ಖರೀದಿಯ ಷರತ್ತಿನಲ್ಲಿ ಬರೆಯುವುದಕ್ಕೆ ದೊಡ್ಡ ವೆಚ್ಚವಿಲ್ಲ. ಪ್ರತಿ ಪ್ರೌಢಶಾಲೆಯಲ್ಲಿ ಪಾನಾ, ಪಂಪು, ಪಂಕ್ಚರ್ ಸಾಮಾನಿನ ಒಂದು ಪೆಟ್ಟಿಗೆ ಇಟ್ಟು, ಊರಿನ ಸೈಕಲ್ ಮಿಸ್ತ್ರಿಯಿಂದ ಮಕ್ಕಳಿಗೆ ಕೆಲಸ ಕಲಿಸಬಹುದು. ಇದರಿಂದ ಅಳಿಯುತ್ತಿರುವ ಒಂದು ಕಸುಬಿಗೂ ಗೌರವ ಸಿಕ್ಕೀತು. ಸರ್ಕಾರ ಕಣ್ಣು ತೆರೆಯುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಹಳೆಯ ಸೈಕಲ್ಲಿಗೆ ಫ್ರೀವೀಲ್ ಬದಲಿಸಿ ಕಡ್ಡಿ ಬಿಗಿಸಿದರೆ ಅದು ಮತ್ತೆ ದಾರಿಗಿಳಿಯುತ್ತದೆ.

ಪೆಟ್ರೋಲ್ ಸುಡದ, ಹೊಗೆಯುಗುಳದ ವಾಹನವೆಂದು ಸೈಕಲ್ಲನ್ನು ವೇದಿಕೆಯ ಮೇಲೆ ಹೊಗಳುವವರಿಗೆ ಕೊರತೆಯಿಲ್ಲ. ಹೊತ್ತ ಭಾರದೊಡನೆ ತನ್ನೂರಿನ ಏರನ್ನು ಕುಳಿತೇ ದಾಟುವಂತಾದರೆ ಮಾತ್ರ ಬಡವನ ಮನೆಯಲ್ಲಿ ಅದು ಉಳಿಯುತ್ತದೆ. ಇಲ್ಲವಾದರೆ ಸಾಲದ ಬೈಕು ಆ ಜಾಗಕ್ಕೆ ಬರುತ್ತದೆ.